ಖಂಡೇನವಮಿಯ ಐದು ತೋಟಾಗಳು

ಆ ಮಷಿನ್ನು ನಮ್ಮ ಕೈಗೆ ಬಂದಾಗ ಒಂದು ತಗಡಿನ ಟ್ರಂಕಿನ ತುಂಬ ಬಿಡಿ ಸಾಮಾನಾಗಿತ್ತು. ಹಳೆಯ ಬನಿಯನ್ನಿನಲ್ಲಿ ಸುತ್ತಿದ ಕಬ್ಬಿಣದ ತುಂಡುಗಳು, ಜಿಡ್ಡುಗಟ್ಟಿದ ಸ್ಪ್ರಿಂಗುಗಳು. ಯಾವುದು ಎಲ್ಲಿ ಕೂರಬೇಕು ಎಂದು ಹೇಳುವ ಪುಸ್ತಕವಂತೂ ಇರಲೇ ಇಲ್ಲ. ಹೈದರಾಬಾದಿನ ಹೊರಗಿರುವ, ಬಂದೂಕಿನಿಂದ ಗುರಿ ಹೊಡೆಯುವವರ ಒಂದು ಕ್ಲಬ್ಬಿಗೆ ಅದರ ಹಳೆಯ ಮೆಂಬರೊಬ್ಬರು ಅದನ್ನು ದಾನ ಕೊಟ್ಟಿದ್ದರು. ಪಿಸ್ತೂಲು, ರಿವಾಲ್ವರಿನ ತೋಟಾಗಳನ್ನು ಮರಳಿ ತುಂಬುವ ಪ್ರೆಸ್ಸು ಅದು. ಹೊಡೆದ ಮೇಲೆ ಖಾಲಿ ಹಿತ್ತಾಳೆಯ ಖೋಕಾ ಉಳಿಯುತ್ತದಲ್ಲ, ಅದನ್ನೇ ಹದಕ್ಕೆ ತಂದು, ಮದ್ದು ಹಾಕಿ, ಸೀಸದ ಗುಂಡು ಕೂರಿಸಿದರೆ ಮತ್ತೆ ತೋಟಾ. ಹಾಗೆ ತುಂಬಿಕೊಳ್ಳಲು ಕ್ಲಬ್ಬಿಗೆ ಪರವಾನಗಿ ಇತ್ತು. ಕೆಲಸ ಬಲ್ಲವರು ಅಲ್ಲಿ ಒಬ್ಬರೇ ಇದ್ದರು, ನನ್ನ ಹೆಂಡತಿಯ ಸೋದರಮಾವ.

ಮಾಮಾ ನಮ್ಮ ಹಾಗೆಯೇ ಬೀದರ ಜಿಲ್ಲೆಯವರು. ಫೌಜಿನ ಆಯುಧಖಾನೆಯಲ್ಲಿ ನೌಕರಿ ಮುಗಿಸಿ, ಹೆಂಡತಿ ತೀರಿಕೊಂಡ ಮೇಲೆ ಹಿಮಾಯತ್‌ನಗರದ ಹಳೆಯ ಮನೆಯೊಂದರ ಹಿಂದಿನ ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು. ಕ್ಲಬ್ಬಿನ ಬಂದೂಕುಗಳ ದೇಖರೇಖಿ ಅವರದು. ಮಕ್ಕಳಿರಲಿಲ್ಲ. ಅಕ್ಕನ ಮಗಳಾದ ನನ್ನ ಹೆಂಡತಿಯೇ ಅವರಿಗೆ ಮಗಳು. ಒಣಕಲು ಮೈ, ನೆಟ್ಟಗಿನ ಬೆನ್ನು. ಆ ವಯಸ್ಸಿನಲ್ಲೂ ಸೂಜಿಗೆ ದಾರ ತಾವೇ ಪೋಣಿಸಿಕೊಂಡು, 'ನನ್ನ ಕಣ್ಣ ಮ್ಯಾಲ ಫೌಜಿನ ಮುದ್ರಿ ಐತಿ' ಎಂದು ಜಂಬ ಕೊಚ್ಚುತ್ತಿದ್ದರು.

ನಾನು ಸನತ್‌ನಗರದಲ್ಲಿ ಮೂವತ್ತು ವರ್ಷದಿಂದ ಲೇಥಿನ ಮೇಲೆ ನಿಂತವನು. ಒಂದು ಸಣ್ಣ ಶೆಡ್ಡು, ಎರಡು ಲೇಥು, ಒಂದು ಡ್ರಿಲ್ಲು. ನನ್ನ ಕೈ ಚಲೋ, ಸಿಟ್ಟು ಕೆಟ್ಟದ್ದು. ಯಾರಾದರೂ ತಪ್ಪು ಎತ್ತಿ ತೋರಿಸಿದರೆ ಮೈ ಉರಿಯುತ್ತದೆ, ನಾಲ್ಕು ಜನರ ಎದುರು ತೋರಿಸಿದರಂತೂ ಮುಗಿದೇ ಹೋಯಿತು. ಈ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದೆಲ್ಲ ಇದರಿಂದಲೇ ಆಯಿತು.

ಟ್ರಂಕು ಬಂದ ದಿನವೇ ಮಾಮಾ ನನ್ನನ್ನು ಕರೆಸಿದರು. ಮನೆಯಲ್ಲಿ ನಾನು ಅವರಿಗೆ 'ಅಳಿಯಾರ', ತಾಟಿನ ಮುಂದೆ ಕೂತರೆ 'ಇನ್ನೊಂದ್ ರೊಟ್ಟಿ ಹಾಕಿಸ್ಕೋರಿ' ಎನ್ನುವ ಮರ್ಯಾದೆ. ಕೆಲಸಕ್ಕೆ ನಿಂತರೆ ಅದೇ ಬಾಯಿಂದ, 'ಏ ಅಳಿಯಾ, ನಟ್ ಬಿಚ್ಚೂ ಪಾನಾ ತಾರಲೇ, ಏನ್ ನಿದ್ದಿ ಹತ್ತೇತೇನು?' ನನಗೆ ಈ ಎರಡನೆಯದೇ ಹೆಚ್ಚು ಹಿಡಿಸುತ್ತಿತ್ತು. ಒಳಗಿನವನು ಅಂದುಕೊಂಡರೇ ತಾನೆ ಬೈಯುವುದು?

ಮೂರು ವಾರ ಹಿಡಿಯಿತು. ಶೆಡ್ಡಿನ ಕೆಲಸ ಮುಗಿಸಿ ಬಸ್ಸು ಹಿಡಿದು ಹೋಗುತ್ತಿದ್ದೆ. ಸಾಗವಾನಿಯ ದಪ್ಪ ಹಲಗೆಯ ಬೆಂಚು ಮಾಡಿ ಗೋಡೆಗೆ ಬೋಲ್ಟು ಹಾಕಿದೆವು. ಬೆಂಚು ಗಟ್ಟಿ ಕೂತಿತೋ ಇಲ್ಲವೋ ನೋಡಲು ಮಾಮಾ ಒಂದು ಸ್ಟೀಲ್ ಚರಿಗೆಯ ತುಂಬ ಅಂಚಿನವರೆಗೆ ನೀರು ತುಂಬಿ ಅದರ ಮೇಲಿಟ್ಟು, ಪ್ರೆಸ್ಸಿನ ಹಿಡಿಕೆ ಎಳೆಯುತ್ತಿದ್ದರು. ಒಂದು ಹನಿ ಚೆಲ್ಲಿದರೂ 'ಬಿಗಿ ಅಳಿಯಾ' ಎನ್ನುತ್ತಿದ್ದರು. 'ಬೆಂಚ್ ನಡಗಿದ್ರ ಮದ್ದಿನ ಅಳತಿ ನಡಗತೈತಿ, ಅಳತಿ ನಡಗಿದ್ರ ಯಾರದರೆ ಮನಿ ನಡಗತೈತಿ.' ನೀರು ಚೆಲ್ಲುವುದು ನಿಲ್ಲುವ ತನಕ ನಾಲ್ಕು ದಿನ ಬಿಗಿದೆ.

ಮಷಿನ್ನು ಹೇಗೆ ನಡೆಯುತ್ತದೆ ಎಂದು ಇಲ್ಲೇ ಹೇಳಬೇಕು. ನಡುವೆ ದುಂಡನೆಯ ತಟ್ಟೆ, ಅದರಲ್ಲಿ ಐದು ಮನೆ, ಮನೆಗೊಂದು ಖೋಕಾ. ಹಿಡಿಕೆ ಒಮ್ಮೆ ಎಳೆದರೆ ಐದೂ ಕಡೆ ಒಟ್ಟಿಗೆ ಕೆಲಸ. ಒಂದರಲ್ಲಿ ಖೋಕಾ ಹದಕ್ಕೆ ಬರುತ್ತದೆ, ಒಂದರಲ್ಲಿ ಬುಡಕ್ಕೆ ಕಿಡಿ ಹೊತ್ತಿಸುವ ಪುಟ್ಟ ಟೋಪಿ ಕೂರುತ್ತದೆ, ಒಂದರಲ್ಲಿ ಮೇಲಿನ ಡಬ್ಬಿಯಿಂದ ಅಳತೆಯ ಮದ್ದು ಬೀಳುತ್ತದೆ, ಒಂದರಲ್ಲಿ ಗುಂಡು ಇಳಿಯುತ್ತದೆ, ಕೊನೆಯದರಲ್ಲಿ ಬಾಯಿ ಬಿಗಿಯುತ್ತದೆ. ಆಮೇಲೆ ತಟ್ಟೆ ಒಂದು ಮನೆ ಮುಂದೆ ತಿರುಗಬೇಕು. ತಿರುಗದೆ ಮತ್ತೊಮ್ಮೆ ಹಿಡಿಕೆ ಎಳೆದರೆ ಬೇರೆ ಮನೆಗಳಲ್ಲಿ ಹಾನಿಯಿಲ್ಲ. ಮದ್ದಿನ ಮನೆಯಲ್ಲಿ ಮಾತ್ರ ಅದೇ ಖೋಕಾದೊಳಗೆ ಎರಡನೆಯ ಪಾಲು ಬೀಳುತ್ತದೆ. ಎರಡು ಪಾಲು ಬಿದ್ದರೂ ಖೋಕಾ ತುಂಬಿ ಚೆಲ್ಲುವುದಿಲ್ಲ. ಮೇಲೆ ಗುಂಡು ಕೂತ ಬಳಿಕ ನೋಡಲು ಒಳ್ಳೆಯದೂ ಒಂದೇ, ಬಂದೂಕನ್ನೇ ಸಿಡಿಸುವ ಕೆಟ್ಟದ್ದೂ ಒಂದೇ.

ತಟ್ಟೆ ತಾನಾಗಿ ತಿರುಗಲು ಆ ಮಷಿನ್ನಿಗೆ ಒಂದು ಸಣ್ಣ ಉಕ್ಕಿನ ಕೊಂಡಿ ಇತ್ತು. ಅದು ಮುರಿದಿತ್ತು. 'ನಾ ಮಾಡತೀನಿ ಬಿಡ್ರಿ ಮಾಮಾ' ಎಂದು ಎದೆ ತಟ್ಟಿಕೊಂಡು ಶೆಡ್ಡಿನಲ್ಲಿ ಕೈಗೆ ಸಿಕ್ಕ ಉಕ್ಕಿನಲ್ಲಿ ಒಂದು ಕೊರೆದೆ. ಬೆಂಕಿಗೆ ಹಾಕಿ ಗಟ್ಟಿ ಮಾಡಲು ಬೇಸರಪಟ್ಟೆ. ಕ್ಲಬ್ಬಿನ ಸೆಕ್ರೆಟರಿ ನಾಲ್ಕೈದು ಮೆಂಬರುಗಳನ್ನು ಕರೆದುಕೊಂಡು ನೋಡಲು ಬಂದ ದಿನವೇ, ಅವರ ಕಣ್ಣೆದುರೇ, ಆ ಕೊಂಡಿ ಮುರಿದು ನೆಲಕ್ಕೆ ಬಿತ್ತು. ಮಾಮಾ ಸುಮ್ಮನಿರಬೇಕೋ ಬೇಡವೋ? 'ಏ ಅಳಿಯಾ, ಮೂವತ್ತ್ ವರ್ಷ ಲೇಥಿನ ಮ್ಯಾಲ ಬೆಣ್ಣಿ ಕಡದಿ ಏನಪಾ?' ಅಂದರು, ಹಿಂದಿಯಲ್ಲೂ ಅದನ್ನೇ ಹೇಳಿದರು. ಮೆಂಬರುಗಳೆಲ್ಲ ಗೊಳ್ಳೆಂದು ನಕ್ಕರು.

ಎರಡು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. 'ಹಿರ್‍ಯಾರು ಒಂದ್ ಮಾತ್ ಅಂದ್ರ ಮೈಯೇನು ತೂತು ಬೀಳತೇತೇನ್ರಿ?' ಎಂದು ಹೆಂಡತಿ ಜಗಳ ಮಾಡಿ ಕಳಿಸಿದಳು. ಹೋದರೆ ಮಾಮಾ ಏನೂ ಆಗಿಲ್ಲದವರಂತೆ ಚಹಾ ಕೊಟ್ಟು, 'ಕೊಂಡಿ ಇರಲಿ ಬಿಡು. ನಾ ಹೆಬ್ಬಟ್ಟಿಲೆ ತಿರಗಸತೀನಿ. ಕೈಲೆ ತಿರಗಸಿದ್ರ ಮನಸ್ ಅಲ್ಲೇ ಇರತೈತಿ' ಅಂದರು. ಗಟ್ಟಿ ಉಕ್ಕಿನಲ್ಲಿ ಇನ್ನೊಂದು ಮಾಡಿಕೊಡುತ್ತೇನೆ ಎಂದೆನಾದರೂ, ಹೊಟ್ಟೆಯೊಳಗೆ ಸಿಟ್ಟು ಇತ್ತಲ್ಲ, ಮಾಡಲಿಲ್ಲ.

ಅಂದಿನಿಂದ ಮಾಮಾನ ಬಾಯಲ್ಲಿ ಒಂದೇ ಪಾಠ. ಎಳಿ, ನೋಡು, ತಿರಗಸು. ಹಿಡಿಕೆ ಎಳೆಯಬೇಕು, ಮದ್ದು ಬಿದ್ದ ಖೋಕಾದೊಳಗೆ ಬಗ್ಗಿ ನೋಡಬೇಕು, ಆಮೇಲೆ ತಟ್ಟೆ ತಿರುಗಿಸಬೇಕು. ನಡುವೆ ಬೇರೆ ಯಾರಾದರೂ ಹಿಡಿಕೆ ಮುಟ್ಟಿದರೆ ತಟ್ಟೆಯ ಮೇಲಿನದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡಬೇಕು. ನಮ್ಮ ಮನೆಗೆ ಊಟಕ್ಕೆ ಬಂದರೂ ಇದೇ ಪುರಾಣ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ, 'ಎಳಿ, ನೋಡು, ತಿರಗಸು, ಸಾಕ್ ತಿನ್ರಿ ಮಾಮಾ, ಪಲ್ಯಾ ಆರತೈತಿ' ಎಂದು ಅಣಕಿಸುತ್ತಿದ್ದಳು.

ಮಷಿನ್ನಿನ ಮುಹೂರ್ತ ಖಂಡೇನವಮಿಗೆ ಎಂದು ನಿಗದಿಯಾಯಿತು. ಎಲ್ಲರೂ ಆಯುಧ ಪೂಜಿಸುವ ದಿನ, ಅದಕ್ಕಿಂತ ಒಳ್ಳೆಯ ದಿನ ಯಾವುದು? ಹೊಸ ಪ್ರೆಸ್ಸಿನಲ್ಲಿ ಐದೇ ಐದು ತೋಟಾ ತುಂಬುವುದು, ಪೂಜೆಯಾದ ಮೇಲೆ ಮಾಮಾ ಅವನ್ನು ಹೊಡೆಯುವುದು, ಪೇಢೆ ಹಂಚುವುದು. ತಾವು ತುಂಬಿದ್ದನ್ನು ಮೊದಲು ತಾವೇ ಹೊಡೆದು ನೋಡುವುದು ಮಾಮಾನ ಫೌಜಿನ ಕಾಲದ ನೇಮ. 'ಅಡಗಿ ಮಾಡಿದಾಕಿ ಮೊದಲ ರುಚಿ ನೋಡಬೇಕೋ ಬ್ಯಾಡೋ? ಸುಟ್ಟರ ಆಕಿ ನಾಲಿಗಿ ಸುಡಲಿ' ಅನ್ನುತ್ತಿದ್ದರು.

ಆ ದಿನ ನನ್ನ ಹೆಂಡತಿಯೂ ಬಂದಳು. ಕುಂಕುಮ, ಅರಿಶಿನ, ಒಂದು ಚೀಲ ಚೆಂಡುಹೂವು. ತುಂಬುವ ಕೋಣೆಯೊಳಗೆ ಮಾಮಾ ಮತ್ತು ನನ್ನನ್ನು ಬಿಟ್ಟು ಯಾರೂ ಬರಕೂಡದು, ಬಾಗಿಲ ಮೇಲೆಯೇ ಬರೆದು ಅಂಟಿಸಿತ್ತು. ಅವಳು ಹೊರಗೆ ಮರದ ಕೆಳಗೆ ಕೂತಿದ್ದಳು. ಒಳಗೆ ಮಾಮಾ ಬೆಳಿಗ್ಗೆಯಿಂದ ಶುರು ಮಾಡಿದ್ದರು. ಎಳಿ, ನೋಡು, ತಿರಗಸು. ಐದನೆಯ ಖೋಕಾ ಮದ್ದಿನ ಮನೆಗೆ ಬಂತು. ಮಾಮಾ ಎಳೆದರು. ದೀಪ ಹತ್ತಿರಕ್ಕೆ ಬಗ್ಗಿಸಿ ಒಳಗೆ ನೋಡಿದರು, 'ಹ್ಞಾಂ' ಅಂದರು. ತಿರುಗಿಸಲು ಹೆಬ್ಬೆಟ್ಟು ಚಾಚುವಷ್ಟರಲ್ಲಿ ಗೇಟಿನಿಂದ ಸೆಕ್ರೆಟರಿಯ ಕೂಗು: 'ಚಾಚಾ, ಜಲ್ದಿ ಆವೋ, ನಾರಿಯಲ್ ಆಪ್ ಕೇ ಹಾತ್ ಸೇ!' ಗೇಟಿನ ಪೂಜೆಗೆ ಹಿರಿಯರ ಕೈಯಿಂದಲೇ ಕಾಯಿ ಒಡೆಸಬೇಕಂತೆ.

ಮಾಮಾ ಎದ್ದರು. 'ಏ ಅಳಿಯಾ, ಎಳದು ನೋಡೀನಿ. ತಿರಗಸೂದೊಂದ್ ಉಳದೈತಿ, ಬಂದು ತಿರಗಸತೀನಿ. ಹಿಡಿಕಿಗೆ ಕೈ ಹಚ್ಚಬ್ಯಾಡ' ಎಂದು ಹೇಳಿ ಹೋದರು.

ಅವರು ಅತ್ತ ಹೋದದ್ದೇ ತಡ, ಹೆಂಡತಿ ಬಾಗಿಲಲ್ಲಿ. 'ಬರಲೇನ್ರಿ? ನಮ್ ಮಾಮಾನ ಮಷಿನ್ನಿಗೆ ನಾ ಕುಂಕುಮ ಹಚ್ಚಬ್ಯಾಡೇನು?' ಬೇಡ ಅನ್ನಬೇಕಿತ್ತು. 'ಬಾ, ಲಗೂ ಹಚ್ಚಿ ಹೋಗು' ಎಂದೆ, ಎಂದು ಬಾಗಿಲಿಗೆ ಹೋಗಿ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತ ನಿಂತೆ. ಅವಳು ಮಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದಳು, ಹೂವಿನ ಮಾಲೆ ಹಾಕಿದಳು, ಕೈ ಮುಗಿದಳು. ಆಮೇಲೆ ಖಟಕ್ ಅಂತ ಶಬ್ದ ಕೇಳಿ ತಿರುಗಿದೆ. ಹಿಡಿಕೆ ಅವಳ ಕೈಯಲ್ಲಿತ್ತು, ಕೆಳಗೆ ಹೋಗಿ ಮೇಲೆ ಬರುತ್ತಿತ್ತು.

ಅವಳ ತಪ್ಪೇನು ಹೇಳಿ? ಅವಳ ತಂದೆ ಊರಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಅವರ ಮನೆಯಲ್ಲಿ ಖಂಡೇನವಮಿಯ ಪೂಜೆಯಾದ ಕೂಡಲೇ ಮನೆಯ ಹೆಣ್ಣುಮಗಳು ಒಂದು ಹಿಡಿ ಜೋಳ ಹಾಕಿ ಗಿರಣಿಯನ್ನು ಒಂದು ಸುತ್ತು ನಡೆಸಬೇಕು. ಪೂಜೆ ಮಾಡಿ ಹಾಗೇ ಬಿಟ್ಟರೆ ಮಷಿನ್ನು ಮುನಿಸಿಕೊಂಡು ಮಲಗುತ್ತದೆ ಎಂದು ಅವರ ನಂಬಿಕೆ. ನನ್ನ ಶೆಡ್ಡಿನಲ್ಲೂ ಪ್ರತಿವರ್ಷ ಅವಳೇ ಲೇಥನ್ನು ಕೈಯಿಂದ ಒಂದು ಸುತ್ತು ತಿರುಗಿಸುವಳು, ಮನೆಯಲ್ಲಿ ತನ್ನ ಹೊಲಿಗೆ ಮಷಿನ್ನಿನ ಗಾಲಿಯನ್ನೂ. ಮೂವತ್ತು ವರ್ಷ ಇದನ್ನು ನೋಡಿದವನು ನಾನು. ಒಳಗೆ ಬಿಟ್ಟರೆ ಅವಳು ಏನು ಮಾಡುತ್ತಾಳೆ ಎಂದು ನನಗೆ ಗೊತ್ತಿರಬೇಕಿತ್ತು.

'ಅಯ್ಯ, ಏನ್ ಮಾಡಿದಿ!'

'ಯಾಕ್ರಿ, ಏನಾತು? ಒಂದ್ ಸಲ ನಡಸಿದ್ನಿ ಅಷ್ಟ.'

'ಏನಿಲ್ಲ, ನಡಿ ಹೊರಗ.'

ಹೊಸ್ತಿಲ ದಾಟಿದವಳು ತಿರುಗಿ ನಿಂತು, 'ಮಾಮಾಗ ಹೇಳ್ರಿ ಮತ್ತ, ನಾ ಒಂದ್ ಸಲ ಎಳದೀನಂತ. ಮರೀಬ್ಯಾಡ್ರಿ' ಎಂದಳು. ನನಗಿಂತ ಅವಳಿಗೇ ಬುದ್ಧಿ ಇತ್ತು. 'ಹ್ಞೂಂ, ಹೇಳತೀನಿ' ಎಂದೆ. ಹೋಳಿಗೆಗೆ ಕಡಲೆಬೇಳೆ ನೆನೆ ಹಾಕಿ ಬಂದಿದ್ದಳು. ಮಾಮಾ ಊಟಕ್ಕೆ ಬರುವಷ್ಟರಲ್ಲಿ ಮಾಡಬೇಕು ಎಂದು ಬಸ್ಸು ಹಿಡಿದು ಸನತ್‌ನಗರಕ್ಕೆ ಹೋದಳು.

ಹೇಳಬೇಕೆಂದೇ ಇದ್ದೆ. ದೇವರಾಣೆಗೂ ಇದ್ದೆ. ಆದರೆ ಮಾಮಾ ಒಬ್ಬರೇ ಬರಲಿಲ್ಲ. ಹಣೆಗೆ ಕುಂಕುಮ, ಕೈಯಲ್ಲಿ ಕಾಯಿಯ ಹೋಳು, ಹಿಂದೆ ಸೆಕ್ರೆಟರಿ, ಅವರ ಹಿಂದೆ ಅವತ್ತು ನಕ್ಕಿದ್ದ ಅದೇ ಮೆಂಬರುಗಳು ಬಾಗಿಲ ತುಂಬ. ಮಾಮಾ ಹೂವಿನ ಮಾಲೆ ನೋಡಿ, 'ಪೂಜಿ ಯಾರ್ ಮಾಡಿದ್ರು?' ಅಂದರು.

'ನಾನ ಮಾಡಿದ್ನಿ.'

'ಚಲೋ ಆತು. ಹಿಡಿಕಿ ಮುಟ್ಟಿಲ್ಲಲ್ಲಾ?'

ಇವಳು ಮುಟ್ಟಿದಳು ಎಂದರೆ ಏನಾಗುತ್ತಿತ್ತು? ಬೈಗುಳ. ಬರಕೂಡದ ಕೋಣೆಗೆ ಹೆಂಡತಿಯನ್ನು ಬಿಟ್ಟುಕೊಂಡವನು ಎಂದು ಇನ್ನೊಂದು ನಗೆ. ತಟ್ಟೆಯದನ್ನೆಲ್ಲ ಬಿಚ್ಚಿ ಮತ್ತೆ ಶುರು, ಮುಹೂರ್ತ ಮೀರಿತು ಎಂದು ಸೆಕ್ರೆಟರಿಯ ಸಿಡಿಮಿಡಿ. ಇಷ್ಟೇ. ಇಷ್ಟಕ್ಕೆ ಯಾರೂ ಸಾಯುವುದಿಲ್ಲ. ಮಾಮಾನ ಕಣ್ಣು ತಪ್ಪುವುದಿಲ್ಲ, ಹೇಗಿದ್ದರೂ ಇನ್ನೊಮ್ಮೆ ಬಗ್ಗಿ ನೋಡಿಯೇ ನೋಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

'ಇಲ್ಲ ಮಾಮಾ' ಎಂದೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಾಮಾ ಬಗ್ಗಿ ನೋಡಲಿಲ್ಲ. ಯಾಕೆ ನೋಡಬೇಕು? ನೋಡಿಯೇ ಹೋಗಿದ್ದರು, ಕಾವಲಿಗೆ ನಾನಿದ್ದೆ. ಹೆಬ್ಬೆಟ್ಟಿನಿಂದ ತಟ್ಟೆ ತಿರುಗಿಸಿದರು, ಗುಂಡು ಇಟ್ಟರು, ಎಳೆದರು. ಐದು ತೋಟಾಗಳನ್ನು ಹಿತ್ತಾಳೆಯ ತಬಕಿನಲ್ಲಿ ಚೆಂಡುಹೂವಿನ ಎಸಳುಗಳ ಮೇಲೆ ಸಾಲಾಗಿ ಇಟ್ಟುಕೊಂಡು ಹೊರಗೆ ಬಂದರು.

ಗುರಿ ಹೊಡೆಯುವ ಜಾಗದಲ್ಲಿ ಮಾಮಾನ ಹಿಂದೆ ನಾವೆಲ್ಲ ನಿಂತೆವು. ಮಾಮಾ ಕ್ಲಬ್ಬಿನ ಹಳೆಯ ರಿವಾಲ್ವರಿಗೆ ಐದನ್ನೂ ತುಂಬಿ, ಎಡಗೈ ಸೊಂಟಕ್ಕಿಟ್ಟು, ಬಲಗೈ ನೀಳವಾಗಿ ಚಾಚಿದರು. ಒಂದು. ಎರಡು. ಮೂರು. ಕಾಗದದ ಕಪ್ಪು ಬೊಟ್ಟಿನಲ್ಲಿ ತೂತುಗಳು ಹತ್ತಿರ ಹತ್ತಿರ ಬಿದ್ದವು, ಮೆಂಬರುಗಳು ವಾಹ್ ವಾಹ್ ಎಂದರು. ನಾಲ್ಕು. 'ಮಾಮಾ, ತಡೀರಿ' ಎನ್ನಬೇಕು ಅಂದುಕೊಂಡೆ. ಸತ್ಯವಾಗಿ ಹೇಳುತ್ತೇನೆ, ಒಂದು ಹೆಜ್ಜೆ ಮುಂದೆ ಇಟ್ಟೂ ಇದ್ದೆ. ಆದರೆ ಹಾಗೆ ಅಂದಿದ್ದರೆ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು.

ಐದನೆಯದರ ಶಬ್ದ ಬೇರೆಯಾಗಿತ್ತು. ರಿವಾಲ್ವರಿನ ಮೇಲ್ಭಾಗ ಬಾಯಿ ತೆರೆದುಕೊಂಡಿತ್ತು. ಮಾಮಾ ತಮ್ಮ ಬಲಗೈಯನ್ನು ಎತ್ತಿ ಹಿಡಿದು ಅದನ್ನೇ ನೋಡುತ್ತ ನಿಂತರು, ಅದು ಬೇರೆಯವರದು ಎನ್ನುವ ಹಾಗೆ. ತೋರುಬೆರಳು ಇದ್ದ ಜಾಗದಲ್ಲಿ ಇರಲಿಲ್ಲ. ಅಂಗಿಯ ತೋಳಿನಿಂದ ರಕ್ತ ಕೆಳಗಿಳಿದು ಧೋತರಕ್ಕೆ ಹತ್ತಿದಾಗ ನನಗೆ ಎಚ್ಚರವಾಗಿ ಓಡಿದೆ. ನನ್ನ ಹೆಗಲಿಗೆ ಒರಗಿ ಅವರು ಅಂದದ್ದು ಇಷ್ಟು: 'ನೋಡಿದ್ನಲ್ಲಾ ಅಳಿಯಾ. ನಾ ನೋಡಿದ್ನಿ.'

ಆಸ್ಪತ್ರೆಯಲ್ಲಿ ತೋರುಬೆರಳಿನ ಉಳಿದ ತುಂಡನ್ನೂ ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ನರ ಹೋಗಿ ಕಟ್ಟಿಗೆಯಾಯಿತು. ಹೆಂಡತಿ ಹೋಳಿಗೆಯ ಡಬ್ಬಿಯನ್ನು ಹಿಡಿದುಕೊಂಡೇ ಓಡಿ ಬಂದಿದ್ದಳು, ಯಾಕೆ ತಂದಳೋ ಅವಳಿಗೂ ಗೊತ್ತಿರಲಿಲ್ಲ. ಅತ್ತು ಅತ್ತು ಸ್ವಲ್ಪ ತಣ್ಣಗಾದ ಮೇಲೆ ಕೇಳಿದಳು. 'ನಾ ಎಳದಿದ್ದು ಹೇಳಿದ್ರಿಲ್ಲೋ? ಅದರಿಂದ ಏನೂ ಆಗಿಲ್ಲಲ್ರಿ?'

'ಹೇಳಿದ್ನಿ. ಅದಕ್ಕೂ ಇದಕ್ಕೂ ಸಂಬಂಧಿಲ್ಲ. ಅವರ ಮುಂದ ಆ ಮಾತ್ ಮತ್ತ ಎತ್ತಬ್ಯಾಡ' ಎಂದೆ.

ಮರುದಿನ ದಸರೆ. ನಮ್ಮ ಕಡೆ ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳುತ್ತೇವೆ. ಅವಳು ಎಲ್ಲಿಂದಲೋ ನಾಲ್ಕು ಎಲೆ ಹುಡುಕಿ ತಂದಿದ್ದಳು. ಮಾಮಾ ಬಲಗೈ ಚಾಚಲು ಹೋದರು, ಅದು ಬಿಳಿ ಬಟ್ಟೆಯ ಗಂಟಾಗಿತ್ತು. ಎಡಗೈ ಎತ್ತಿದರು, ಅಪಶಕುನವೆಂದು ಮತ್ತೆ ಇಳಿಸಿದರು. ಕೊನೆಗೆ ಅವಳೇ ಎಲೆಗಳನ್ನು ಅವರ ದಿಂಬಿನ ಪಕ್ಕ ಇಟ್ಟು, 'ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಮಾಮಾ' ಎಂದಳು.

ಕ್ಲಬ್ಬಿನವರು ವಿಚಾರಣೆ ಮಾಡಿದರು. ಒಂದು ಖೋಕಾದಲ್ಲಿ ಎರಡು ಪಾಲು ಮದ್ದು ಬಿದ್ದಿತ್ತೆಂದು ಅವರಿಗೆ ತಿಳಿದದ್ದೇ, ತಟ್ಟೆ ತಿರುಗಿಸಲು ಮರೆತು ಎರಡು ಸಲ ಎಳೆದಿರಬೇಕು ಎಂದರು. ಮಾಮಾ ವಾದಿಸಲಿಲ್ಲ. ಮಷಿನ್ನು ನಡೆಸಿದ್ದು ತಾವೊಬ್ಬರೇ, ಇನ್ಯಾರೂ ಮುಟ್ಟಿಲ್ಲ, ಅಳಿಯ ಕಾವಲಿದ್ದ ಎಂದು ಬರೆಸಿ, ಎಡಗೈಯ ಹೆಬ್ಬೆಟ್ಟು ಒತ್ತಿ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. 'ಚಾಚಾ, ಉಮರ್ ಹೋ ಗಯೀ, ಅಬ್ ಆರಾಮ್ ಕರೋ' ಎಂದು ವಯಸ್ಸಿನ ನೆಪ ಮಾಡಿ ಸೆಕ್ರೆಟರಿ ಬೀಗದ ಕೈಗೊಂಚಲು ತೆಗೆದುಕೊಂಡರು. ಆಯುಧದ ನಡುವೆ ಬದುಕಿದ ಮನುಷ್ಯ ಕೈ ಬೀಸಿಕೊಂಡು ಹೊರಗೆ ಬಂದ.

ಹಿಮಾಯತ್‌ನಗರದ ಖೋಲಿ ಬಿಡಿಸಿ ನಾವು ಅವರನ್ನು ನಮ್ಮ ಮನೆಗೆ ಕರೆತಂದೆವು. ಬೆರಳಿನ ನೋವನ್ನು ಅವರು ಒಂದು ದಿನವೂ ಎತ್ತಲಿಲ್ಲ. ಅವರನ್ನು ತಿಂದದ್ದು ಬೇರೆ. 'ನೋಡಿದ್ನಿ, ಒಂದ ಪಾಲ ಇತ್ತು. ಹಂಗಾರ ಎರಡು ಹ್ಯಾಂಗಾತು? ನನ್ನ ಕಣ್ಣ ನನಗ ಮೋಸ ಮಾಡಿದ್ವು.' ಇದನ್ನೇ ಹೇಳುತ್ತ ಅಂಗಳದಲ್ಲಿ ಕೂರುವರು. ಗ್ಯಾಸಿನ ಒಲೆ ಆರಿಸಿ ಬಂದವರು ಮತ್ತೆ ಹೋಗಿ ನೋಡುವರು, ಆಮೇಲೆ ನನ್ನ ಹೆಂಡತಿಯನ್ನು ಕರೆದು, 'ಯವ್ವಾ, ನೀ ಒಂಚೂರ್ ನೋಡು, ನನ್ನ ನಂಬಬ್ಯಾಡ' ಎನ್ನುವರು. ಬಸ್ಸಿನ ನಂಬರನ್ನೂ ಬೇರೆಯವರಿಂದ ಓದಿಸಿಕೊಳ್ಳುವರು. ಸೂಜಿಗೆ ದಾರ ಪೋಣಿಸುವುದು ನಿಂತೇ ಹೋಯಿತು, ಬೆರಳಿಲ್ಲ ಎಂದಲ್ಲ. ಮತ್ತು ನಾನು ಅವರಿಗೆ ಯಾವಾಗಲೂ 'ಅಳಿಯಾರ' ಆದೆ. 'ಏ ಅಳಿಯಾ' ಎಂದು ಕರೆಯುವ ಕೆಲಸ ಉಳಿದಿರಲಿಲ್ಲ.

ಒಮ್ಮೆ ಕೋಠಿಯ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ತಪಾಸಣೆ ಮಾಡಿದವನು ತೆಲುಗಿನಲ್ಲಿ ಹೇಳಿದ, ಕಣ್ಣು ಭೇಷ್ ಇವೆ, ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಇರುವುದೇ ಅಪರೂಪ. ಮಾಮಾ ಖುಷಿಪಡುತ್ತಾರೆ ಅಂದುಕೊಂಡೆ, ಅವರು ಹಟ ಹಿಡಿದು ಒಂದು ಸಾದಾ ಗಾಜಿನ ಕನ್ನಡಕ ಕೊಂಡರು. ಬಸ್‌ಸ್ಟಾಪಿನ ಗದ್ದಲದಲ್ಲಿ ಮಾಮಾ ನನ್ನ ತೋಳು ಹಿಡಿದುಕೊಂಡು, 'ಕಣ್ಣ ಚಲೋ ಅದಾವಂದ್ರ ತಲಿ ಕೆಟ್ಟೈತಿ ಅಂತಾತು ಅಳಿಯಾರ' ಎಂದರು. ಈಗ ಹೇಳಬೇಕು, ಇಲ್ಲೇ ಹೇಳಿಬಿಡಬೇಕು ಎಂದು, 'ಮಾಮಾ, ಅವತ್ತ...' ಎಂದು ಬಾಯಿ ತೆರೆದೆ. ಅವರು ನನ್ನ ಬೆನ್ನು ತಟ್ಟಿ, 'ನೀವೇನ್ ಮನಸಿಗೆ ಹಚ್ಕೋಬ್ಯಾಡ್ರಿ. ನೀವು ಕಾಯಲಾಕ ಇದ್ರಿ, ಕಾದ್ರಿ. ನಿಮ್ಮಂಥ ಖರೇ ಮನಷಾ ಸಿಗೂದು ಭಾಳ ಕಡಿಮಿ' ಎಂದರು. ಬಸ್ಸು ಬಂತು, ಹತ್ತಿದೆವು.

ಇನ್ನು ಊಟ. ಜೋಳದ ರೊಟ್ಟಿ ಮುರಿಯಲು ಬೆರಳೂ ಹೆಬ್ಬೆರಳೂ ಬೇಕು. ಎಡಗೈಯಿಂದ ಉಣ್ಣಲು ಮಾಮಾ ಸುತರಾಂ ಒಪ್ಪಲಿಲ್ಲ. ಹಾಗಾಗಿ ಹೆಂಡತಿಯೇ ದಿನವೂ ಎರಡು ಹೊತ್ತು ರೊಟ್ಟಿಯನ್ನು ಸಣ್ಣ ಸಣ್ಣಗೆ ಮುರಿದು, ಬೇಳೆಯಲ್ಲಿ ನೆನೆಸಿ, ಉಳಿದ ಮೂರು ಬೆರಳಿಗೆ ಸಿಗುವ ಹಾಗೆ ಕಲಸಿ ತಾಟಿನ ಅಂಚಿಗೆ ಒತ್ತುವಳು. 'ಮಗಳಾಗಿ ಹುಟ್ಟಿದ್ರ ಇಷ್ಟ್ ಮಾಡತಿದ್ದಿಲ್ಲ ನೀ' ಎಂದು ಅವರು, 'ಸಾಕ್ ಉಣ್ರಿ' ಎಂದು ಇವಳು. ಎದುರಿನ ತಾಟಿನಲ್ಲಿ ನಾನು. ಹಿಡಿಕೆ ಎಳೆದ ಕೈಯೇ ರೊಟ್ಟಿ ಮುರಿಯುವುದನ್ನು ನೋಡುತ್ತ ನಾನು ಉಂಡೆ. ಒಂದು ದಿನ ಎರಡು ದಿನ ಅಲ್ಲ, ಆರು ವರ್ಷ. ಹೇಳಿದರೆ ಇವಳ ಎದೆ ಒಡೆಯುತ್ತದೆ ಎಂದು ಸುಮ್ಮನಿದ್ದೇನೆ ಅಂದುಕೊಂಡೆ. ಅದೂ ಸುಳ್ಳೇ. ನನಗೆ ನನ್ನದೇ ಭಯ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಕೊಂಡಿಯನ್ನು ನಾನು ಆಮೇಲೆ ಮಾಡಿದೆ. ಒಳ್ಳೆಯ ಉಕ್ಕಿನಲ್ಲಿ, ಬೆಂಕಿಗೆ ಹಾಕಿ ಎಣ್ಣೆಯಲ್ಲಿ ತಣಿಸಿ, ಕನ್ನಡಿಯಂತೆ ಉಜ್ಜಿ. ಯಾರಿಗೂ ಬೇಕಿರಲಿಲ್ಲ. ಆ ಮಷಿನ್ನನ್ನು ಕ್ಲಬ್ಬಿನವರು ಮತ್ತೆ ಟ್ರಂಕಿಗೆ ತುಂಬಿದ್ದರು. ಕೊಂಡಿಯನ್ನು ನನ್ನ ಡ್ರಾವರಿನಲ್ಲಿಟ್ಟೆ.

ಹೋದ ವರ್ಷ ಚಳಿಗಾಲದಲ್ಲಿ ಮಾಮಾ ಕೆಮ್ಮು ಹಿಡಿದು, ಹತ್ತು ದಿನ ಮಲಗಿ ತೀರಿಕೊಂಡರು. ಕೊನೆಯ ದಿನ ನೀರು ಕುಡಿಸಲು ಹೋದರೆ, ಲೋಟದಲ್ಲಿ ನೀರೇ ಇದೆಯೋ ನೋಡು ಎಂದು ನನ್ನನ್ನು ಕೇಳಿದರು. ನೀರೇ ಮಾಮಾ ಎಂದೆ. ನನ್ನ ಮಾತು ನಂಬಿ ಕುಡಿದರು.

ಅವರಿಲ್ಲದ ಮೊದಲ ಖಂಡೇನವಮಿ ಬಂತು. ಹೆಂಡತಿ ಹೊಲಿಗೆ ಮಷಿನ್ನು, ಇಳಿಗೆ ಮಣೆ, ನನ್ನ ಅಳತೆಯ ಸಾಮಾನು ಎಲ್ಲ ತೊಳೆದು ಮಣೆಯ ಮೇಲೆ ಜೋಡಿಸಿದಳು, ಮಾಮಾನ ಕನ್ನಡಕವನ್ನೂ. ಡ್ರಾವರು ತಡಕುವಾಗ ಆ ಕೊಂಡಿ ಅವಳ ಕೈಗೆ ಬಂತು.

'ಇದೇನ್ರಿ, ಇಷ್ಟ್ ಚಂದ ಹೊಳಿಯಾಕತ್ತೈತಿ?'

'ಮಾಮಾನ ಮಷಿನ್ನಿಂದು. ಇದಿದ್ರ ತಟ್ಟಿ ತಾನ ತಿರಗತೈತಿ.' ಯಾವ ಗ್ರಹ ಬಡಿದಿತ್ತೋ, ಅಷ್ಟಕ್ಕೆ ನಿಲ್ಲಿಸಲಿಲ್ಲ. 'ಆವಾಗ ಎಷ್ಟ್ ಸಲ ಎಳದ್ರೂ ಒಂದ ಖೋಕಾದಾಗ ಎರಡ್ ಸಲ ಮದ್ದ್ ಬೀಳೂದಿಲ್ಲ.'

ಅವಳು ಕೊಂಡಿಗೆ ಕುಂಕುಮ ಹಚ್ಚಿದಳು. ಹೊಲಿಗೆ ಮಷಿನ್ನಿಗೆ ಹೂ ಏರಿಸಿದಳು. ಎಂದಿನಂತೆ ಗಾಲಿಯನ್ನು ಒಂದು ಸುತ್ತು ತಿರುಗಿಸಲು ಕೈ ಇಟ್ಟವಳು ಹಾಗೇ ನಿಂತುಬಿಟ್ಟಳು. ಗಿರಣಿಯವನ ಮಗಳು, ಲೇಥಿನವನ ಹೆಂಡತಿ. ಅವಳಿಗೆ ಬಿಡಿಸಿ ಹೇಳುವುದು ಏನಿತ್ತು?

'ಮದ್ದ್ ಬಿದ್ದ ಮ್ಯಾಲ, ತಿರಗಸದ, ಇನ್ನೊಮ್ಮಿ ಎಳದ್ರ...' ಎಂದಳು. ಗಾಲಿಯ ಮೇಲಿನ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. 'ಯಾರರೆ ಮುಟ್ಟಿದ್ರ ಎಲ್ಲಾ ಬಿಚ್ಚಬೇಕು ಅಂತಿದ್ರು ಮಾಮಾ. ನೀವು ಹೇಳಿದ್ರಲ್ಲಾ ಅವರಿಗೆ? ಹೇಳಿದ ಮ್ಯಾಲ ಯಾಕ ಬಿಚ್ಚಲಿಲ್ಲ ಅವರು?'

ಹೇಳಿದ್ದೆ ಎನ್ನಲು ನೋಡಿದೆ. ಎಷ್ಟು ಸಲ ಹೇಳಿದ ಸುಳ್ಳು, ನಾಲಿಗೆಗೆ ರೂಢಿಯಾಗಿತ್ತು. ಬರಲಿಲ್ಲ. ತಲೆ ತಗ್ಗಿಸಿದೆ.

ಕುಕ್ಕರು ಸೀಟಿ ಹೊಡೆಯಿತು, ಅವಳು ಹೋಗಿ ಒಲೆ ಆರಿಸಿ ಬಂದಳು. ಮಾಮಾನ ಕನ್ನಡಕವನ್ನು ಮಣೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತಳು. ನನ್ನನ್ನು ಬೈಯುತ್ತಾಳೆ, ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ.

'ಆರ್ ವರ್ಷ ನಾ ಅವರಿಗೆ ರೊಟ್ಟಿ ಮುರದ್ ಹಾಕೀನ್ರಿ,' ಎಂದಳು. 'ನೀವು ಎದರಿಗೆ ಕುಂತು ಉಂಡೀರಿ.'